ಗಾಳಿ ಒಂದೇ ಹಲಾಲ್

ನನಗೆ ಸಿಟ್ಟು ಜಾಸ್ತಿ ಎಂದು ಅಲೋರ್ ಸ್ತಾರ್ ಊರೆಲ್ಲ ಹೇಳುತ್ತದೆ. ಶುದ್ಧ ಸುಳ್ಳು. ಹಾಗೆ ಹೇಳುವವರನ್ನು ಕಂಡರೆ ಮಾತ್ರ ನನಗೆ ಸಿಟ್ಟು ಬರುತ್ತದೆ. ಊರಿನಲ್ಲಿ ಅಂಥವರೇ ತುಂಬಿಕೊಂಡಿರುವುದು ನನ್ನ ತಪ್ಪೆ?

ಆ ದಿನ ಸಂಜೆಯ ನಮಾಜು ಮುಗಿದ ಮೇಲೆ ನಮ್ಮ ಕೇರಿಯ ಮಸೀದಿಯಲ್ಲಿ ಎದ್ದು ನಿಂತು, ಸುಲ್ತಾನರು ಯುದ್ಧ ಸಾರುವ ಗತ್ತಿನಲ್ಲಿ ನಾನು ಸಾರಿದ್ದು ಇಷ್ಟು: "ಈ ಲಾಜಿಮ್ ಜಪಾನಿಗೆ ಹೋಗ್ತಾನೆ. ಜಪಾನಿನವನ ಅಂಗಡಿಯಲ್ಲಿ ಕೂತು, ಜಪಾನಿನವನ ಕೈಯಿಂದ, ಜಪಾನಿನ ಊಟಾನೇ, ಅದೂ ಹಲಾಲ್ ಆದದ್ದನ್ನೇ ಉಂಡು ಬರ್ತಾನೆ. ಫೋಟೋ ಕಳಿಸ್ತಾನೆ. ನೋಡ್ತಾ ಇರಿ."

ಇದಕ್ಕೆಲ್ಲ ಕಾರಣ ನನ್ನ ಹೆಂಡತಿಯ ಅಣ್ಣ ಬಹ್ರೋಮ್. ನಮ್ಮ ಭಾವ ಹೋದ ವರ್ಷ ಜಪಾನಿಗೆ ಹೋಗಿದ್ದ. ಒಂದಿಡೀ ವಾರ ಹೋಟೆಲಿನ ಕೋಣೆಯಲ್ಲಿ ಕೂತು, ಮನೆಯಿಂದ ಹೊತ್ತೊಯ್ದ ಡಬ್ಬಿ ಮೀನು ತಿಂದು ವಾಪಸ್ಸು ಬಂದ. ಬಂದವನು ಸುಮ್ಮನಿರಬೇಕೋ ಬೇಡವೋ? "ಅಲ್ಲಿ ಗಾಳಿ ಒಂದೇ ಹಲಾಲ್ ಕಣೋ ಲಾಜಿಮ್. ಉಸಿರಾಡ್ಕೊಂಡು ಬಾ" ಎಂದು ಮಸೀದಿಯ ಎಲ್ಲರೆದುರು ನಕ್ಕ.

"ಹುಡುಕೋಕೆ ಬರದವನಿಗೆ ಹಾಗೇ ಭಾವ" ಎಂದೆ ನಾನು.

"ನೀನು ಇಳಿದ ದಿನವೇ ಮಜ್ನಾಳ ಸಂಬಲ್ ಡಬ್ಬಿ ಮುಚ್ಚಳ ತೆಗೀತೀಯ, ನೋಡು."

ಮಜ್ನಾ ಎಂದರೆ ಅವನ ಹೆಂಡತಿ. ನೆತ್ತಲಿ ಮೀನು ಹುರಿದು, ಮೆಣಸು ಅರೆದು ಸಂಬಲ್ ಮಾಡಿ ಡಬ್ಬಿಯಲ್ಲಿ ಮಾರುತ್ತಾಳೆ. ಪ್ರತಿ ಡಬ್ಬಿಯ ಮೇಲೂ ಅವಳದೇ ಫೋಟೋ. ತಲೆವಸ್ತ್ರ ಕಟ್ಟಿಕೊಂಡು, ಹೆಬ್ಬೆರಳು ಎತ್ತಿ, ಚುನಾವಣೆಗೆ ನಿಂತವಳ ಹಾಗೆ ನಗುತ್ತಿರುತ್ತಾಳೆ. ನಮ್ಮ ಊರಿನಲ್ಲಿ ಆ ಮುಖ ಕಾಣದ ಅಡುಗೆಮನೆ ಇಲ್ಲ.

"ತೆಗೆದರೆ?" ಎಂದೆ.

"ತೆಗೆದರೆ ಫ್ಯಾನಿನ ಕೆಳಗಿನ ಜಾಗ ನಂದು."

ಮಸೀದಿ ಇಡೀ ನಮ್ಮತ್ತ ತಿರುಗಿತು. ಯಾಕೆ ಎಂದು ನಮ್ಮ ಕಡೆಯ ಸೆಕೆ ಬಲ್ಲವರಿಗೆ ಹೇಳಬೇಕಾಗಿಲ್ಲ. ನಮ್ಮಲ್ಲಿ ಗದ್ದೆಯ ಭತ್ತ ನಿಂತಲ್ಲೇ ಬೆಂದು ಅನ್ನವಾಗುತ್ತದೆ. ಕಾಗೆಗಳು ಹಾರುವುದನ್ನು ಬಿಟ್ಟು ನೆರಳು ಹಿಡಿದು ನಡೆದುಕೊಂಡು ಹೋಗುತ್ತವೆ. ಮಸೀದಿಯಲ್ಲಿ ಫ್ಯಾನುಗಳೇನೋ ಸಾಲಾಗಿ ನೇತಾಡುತ್ತವೆ, ಆದರೆ ಜಪಮಣಿ ಎಣಿಸುವ ಹಾಗೆ ಒಂದೊಂದೇ ಸುತ್ತು. ನಿಜವಾಗಿ ಗಾಳಿ ಬೀಸುವುದು ಮೊದಲ ಸಾಲಿನ ಮೂಲೆಯದು ಮಾತ್ರ. ವಿದ್ಯುತ್ ಇಲಾಖೆಯಿಂದ ನಿವೃತ್ತನಾದ ವರ್ಷ ಅದಕ್ಕೆ ಎಣ್ಣೆ ಹಾಕಿದವನು ನಾನು. ಅಂದಿನಿಂದ ಅದರ ಕೆಳಗಿನ ಜಾಗ ನನ್ನದು. ಉಳಿದ ಫ್ಯಾನುಗಳಿಗೂ ಎಣ್ಣೆ ಹಾಕಬಹುದಿತ್ತು ಎನ್ನುವವರಿದ್ದಾರೆ. ಹಾಕಿದರೆ ನನ್ನ ಜಾಗಕ್ಕೆ ಏನು ಬೆಲೆ ಉಳಿಯುತ್ತಿತ್ತು ಸ್ವಾಮಿ?

"ಆಗಲಿ" ಎಂದೆ.

ಇಮಾಮರು ಕೆಮ್ಮಿದರು. "ಲಾಜಿಮ್, ಬಹ್ರೋಮ್, ಪಣ ಕಟ್ಟೋದು ಹರಾಮ್ ಅಂತ ಗೊತ್ತಿದೆ ತಾನೆ?"

"ಪಣ ಅಲ್ಲ ಇಮಾಮರೇ, ಬರೀ ಮಾತು" ಎಂದು ಇಬ್ಬರೂ ಒಂದೇ ಉಸಿರಿಗೆ ಹೇಳಿದೆವು. ನಾನು ಅವನ ತಂಗಿಯನ್ನು ಮದುವೆಯಾದಂದಿನಿಂದ ನಮ್ಮಿಬ್ಬರ ಬಾಯಲ್ಲಿ ಒಂದೇ ಮಾತು ಬಂದದ್ದು ಅದೇ ಮೊದಲು.

ಮನೆಗೆ ಬಂದರೆ ನನ್ನ ಹೆಂಡತಿ ಕಲ್ಸೋಮ್ ಆಗಲೇ ದೊಡ್ಡ ಸೂಟ್‌ಕೇಸಿನಲ್ಲಿ ಅಕ್ಕಿ, ಪುಟ್ಟ ರೈಸ್ ಕುಕ್ಕರ್, ಡಬ್ಬಿ ಮೀನು, ನೂಡಲ್ಸ್ ಪೊಟ್ಟಣ ಜೋಡಿಸುತ್ತಿದ್ದಳು. ಸಂಬಲ್ ಡಬ್ಬಿಗಳ ಮೇಲಿಂದ ನಾಲ್ಕು ಮಜ್ನಾಗಳು ನನ್ನನ್ನು ನೋಡಿ ಹೆಬ್ಬೆರಳು ಎತ್ತಿದರು. ನನ್ನ ರಕ್ತ ಕುದಿಯಿತು.

"ಇದೇನು, ಜಪಾನಿಗೆ ದಂಡೆತ್ತಿ ಹೋಗ್ತಿದೀವಾ? ದಂಡಿಗೆ ಅನ್ನ ಹಾಕ್ಬೇಕಾ?"

"ಹಸಿವಾದರೆ ಬೇಕಾಗುತ್ತೆ ಬಾಂಗ್" ಎಂದಳು. ನಮ್ಮಲ್ಲಿ ಹೆಂಡತಿ ಗಂಡನನ್ನು ಬಾಂಗ್ ಅನ್ನುತ್ತಾಳೆ. ಅಣ್ಣ ಅಂದ ಹಾಗೆ. ಕಲ್ಸೋಮ್‌ಗೆ ಸಿಟ್ಟು ಬಂದಾಗ ಮಾತ್ರ ನಾನು ಬಾಂಗ್ ಆಗಿರುವುದಿಲ್ಲ, ಹಾಜಿ ಆಗಿಬಿಡುತ್ತೇನೆ. ಮೆಕ್ಕಾಗೆ ಹೋಗಿಬಂದ ಗೌರವಕ್ಕೆ ಊರೆಲ್ಲ ಕರೆಯುವ ಹೆಸರು ಅದು. ಅವಳ ಬಾಯಲ್ಲಿ ಅದು ಬೈಗುಳ.

ನಾನು ಸೂಟ್‌ಕೇಸನ್ನು ಮುಚ್ಚಿ, ಎಳೆದುಕೊಂಡು ಹೋಗಿ, ಬಹ್ರೋಮನ ಮನೆಯ ಜಗಲಿಯ ಮೇಲೆ ಧಡ್ ಎಂದು ಇಟ್ಟು ಬಂದೆ. "ನಾನು ಬರೋ ತನಕ ನೀವೇ ಇಟ್ಕೊಳ್ಳಿ ಭಾವ. ಹಸಿವಾದರೆ ನೀವೇ ತಿನ್ನಿ."

ವಾಪಸ್ಸು ಬಂದಾಗ ಕಲ್ಸೋಮ್ ತನ್ನ ಕೈಚೀಲದ ಜಿಪ್ಪನ್ನು ಎಳೆದಳು, ಅಷ್ಟೇ. ಬುದ್ಧಿ ಇರುವ ಗಂಡನಾಗಿದ್ದರೆ ಆ ಜಿಪ್ಪಿನ ಸದ್ದಿಗೇ ಎಚ್ಚರಗೊಳ್ಳುತ್ತಿದ್ದ.

ಒಸಾಕಾದಲ್ಲಿ ಇಳಿದ ಮೊದಲ ಮಧ್ಯಾಹ್ನವೇ ಫೋನಿನಲ್ಲಿ 'ಹಲಾಲ್' ಎಂದು ಹುಡುಕಿದೆ. ಹತ್ತಿರದಲ್ಲೇ ಒಂದು ಅಂಗಡಿ ತೋರಿಸಿತು. ಹಸಿರು ಬೋರ್ಡು, ಅರ್ಧಚಂದ್ರ. ನನ್ನ ಎದೆ ಉಬ್ಬಿತು. ಬಾಗಿಲು ತೆಗೆದರೆ ಒಳಗಿನಿಂದ ಬಂದದ್ದು ಕುರಿ ಸಾರಿನ ಘಮ.

"ಸಲಾಂ ಹಾಜಿ ಸಾಹೇಬ್, ಬನ್ನಿ ಬನ್ನಿ" ಎಂದ ಮಾಲೀಕ. ಹೆಸರು ಗುಲ್ಜಾರ್, ಊರು ಸಿಯಾಲ್‌ಕೋಟ್. ಮೇಜಿನ ಮೇಲೆ ದಿಂಬಿನಷ್ಟು ದೊಡ್ಡ ನಾನ್ ತಂದಿಟ್ಟ.

"ನಮಗೆ ಜಪಾನಿನ ಊಟ ಬೇಕು" ಎಂದೆ.

"ಇದು ಜಪಾನಿನದ್ದೇ ಸಾಹೇಬ್. ಹಿಟ್ಟು ಜಪಾನಿನದು, ನೀರು ಜಪಾನಿನದು, ನನ್ನ ಹೆಂಡತೀನೂ ಜಪಾನಿನವಳು. ಇನ್ನೇನು ಬೇಕು?"

"ನೀರು ಜಪಾನಿನದಾದ್ರೆ ಊಟ ಜಪಾನಿನದಾಗುತ್ತಾ? ಯಾರಿಗೆ ಟೋಪಿ ಹಾಕ್ತೀಯ?" ಎಂದು ಗುಡುಗಿದೆ. ಕಲ್ಸೋಮ್ ಅಷ್ಟರಲ್ಲಿ ನಾನ್‌ನ ಒಂದು ಮೂಲೆ ಮುರಿದಿದ್ದಳು. ಅವಳ ಕೈ ಹಿಡಿದು ಎಬ್ಬಿಸಿಕೊಂಡು ಬಂದೆ. ಆ ಮುರಿದ ಮೂಲೆಯನ್ನು ಅವಳು ತಿರುತಿರುಗಿ ನೋಡುತ್ತ ಬಂದ ರೀತಿ ಈಗಲೂ ಕಣ್ಣ ಮುಂದಿದೆ.

ಎರಡನೆಯ ಅಂಗಡಿ ತುರ್ಕಿಯವನ ಕಬಾಬು. ಮೂರನೆಯದರಲ್ಲಿ ಜಾವಾದ ಹೆಂಗಸೊಬ್ಬಳು ನಾಸಿ ಗೊರೆಂಗ್ ಹುರಿಯುತ್ತಿದ್ದಳು. ನಾಸಿ ಗೊರೆಂಗ್, ನಮ್ಮೂರಿನದೇ ಹುರಿದ ಅನ್ನ! ವಿಮಾನ ಹತ್ತುವ ಬೆಳಿಗ್ಗೆ ತಿಂದು ಬಂದದ್ದೂ ಅದನ್ನೇ. ಇಡೀ ಜಗತ್ತಿನ ಮುಸಲ್ಮಾನರು ಒಸಾಕಾಗೆ ಬಂದು ತಂತಮ್ಮ ಊರಿನ ಒಲೆ ಹಚ್ಚಿ ಕೂತಿದ್ದಾರೆ, ಜಪಾನಿನ ಊಟ ಮಾಡುವವನು ಒಬ್ಬನೂ ಇಲ್ಲ.

ಮಾರನೆಯ ದಿನ ರೈಲು ಹತ್ತಿ, ಇಳಿದು, ಇನ್ನೊಂದು ಹತ್ತಿ, ರಾಮೆನ್ ಎಂಬ ಸಾರಿನ ನೂಡಲ್ಸಿಗೆ, ಅದೂ ಹಲಾಲ್ ರಾಮೆನ್‌ಗೆ, ಹೆಸರಾದ ಅಂಗಡಿಗೆ ಹೋದೆವು. ಅಪ್ಪಟ ಜಪಾನಿನದು, ಅಪ್ಪಟ ಹಲಾಲ್. ಬಾಗಿಲಿಗೆ ಬೀಗ. ವಾರದ ರಜೆ. ಬೀಗದ ಮೇಲೊಂದು ಕ್ಷಮಾಪಣೆಯ ಚೀಟಿ, ಜೊತೆಗೆ ಬಾಗಿ ವಂದಿಸುವ ಪುಟ್ಟ ಗೊಂಬೆಯ ಚಿತ್ರ. ಕ್ಷಮೆ ಕೇಳುವುದರಲ್ಲಿ ಈ ಜನರನ್ನು ಮೀರಿಸುವವರಿಲ್ಲ. ಕ್ಷಮೆಯನ್ನು ತಿಂದು ಬದುಕುವ ಹಾಗಿದ್ದಿದ್ದರೆ ನಾನು ಅಲ್ಲಿ ಆನೆಮರಿಯಾಗುತ್ತಿದ್ದೆ.

ಬೀದಿ ಮೂಲೆಯ ಅಂಗಡಿಯಲ್ಲಿ ಅನ್ನದ ಉಂಡೆ ಕೊಳ್ಳೋಣವೆಂದರೆ ಅದರ ಮೇಲಿನ ಬರಹ ಓದಬೇಕು. ಫೋನಿನಲ್ಲಿರುವ ಅನುವಾದದ ಹೆಂಗಸಿಗೆ ತೋರಿಸಿದೆ. "ಈ ಉಂಡೆಯೊಳಗೆ ಸಮುದ್ರದ ತಾಯಿ ಬೇಸರದಲ್ಲಿದ್ದಾಳೆ" ಎಂದು ಓದಿದಳು. ಬೇಸರದಲ್ಲಿರುವ ತಾಯಿಯನ್ನು ಹೇಗೆ ತಿನ್ನುವುದು? ಬಾಳೆಹಣ್ಣು ಕೊಂಡೆವು. ಮಧ್ಯಾಹ್ನ ಬಾಳೆಹಣ್ಣು, ಸಂಜೆ ಬಾಳೆಹಣ್ಣು. ಮೂರನೆಯ ದಿನಕ್ಕೆ ನನಗೆ ಬಾಲ ಮೂಡುವುದೊಂದು ಬಾಕಿ. ಕಿಸೆಯಲ್ಲಿ ದುಡ್ಡಿದೆ, ಹೊಟ್ಟೆಯಲ್ಲಿ ಬೆಂಕಿಯಿದೆ, ಎಡಕ್ಕೆ ಬಲಕ್ಕೆ ಅಂಗಡಿಗಳು, ಅಂಗಡಿ ತುಂಬ ಜನ ಸುರ್‌ಸುರ್ ಎಂದು ನೂಡಲ್ಸ್ ಎಳೆಯುತ್ತಿದ್ದಾರೆ. ನಾವಿಬ್ಬರು ಮಾತ್ರ ಗಾಜಿನಾಚೆ ನಿಂತು ನೋಡಬೇಕು. ಇದಕ್ಕೆ ಸಿಟ್ಟು ಬರದವನು ಮನುಷ್ಯನೇ ಅಲ್ಲ.

ನನ್ನ ಬುದ್ಧಿ ಸ್ಥಿಮಿತದ ಬಗ್ಗೆಯೂ ನನಗೆ ಅನುಮಾನ ಹತ್ತಿತ್ತು. ಹೋಟೆಲಿನ ಕೋಣೆಯಲ್ಲಿ ಕೂತರೆ ಎಲ್ಲಿಂದಲೋ ಸಂಬಲ್ ವಾಸನೆ. ಹಸಿವಿಗೆ ಭ್ರಮೆ ಹಿಡಿದಿದೆ ಎಂದುಕೊಂಡೆ. ಕಲ್ಸೋಮ್‌ಗೆ ಹೇಳೋಣವೆಂದರೆ ಅವಳು ನೀರು ಕಾಯಿಸುವ ಕೆಟಲನ್ನು ಹಿಡಿದುಕೊಂಡು ಸ್ನಾನದ ಮನೆ ಸೇರಿಬಿಟ್ಟಿದ್ದಳು. "ವಜೂ ಮಾಡೋಕೆ ಬಿಸಿನೀರು ಬೇಕು ಬಾಂಗ್, ಇಲ್ಲಿ ಚಳಿ." ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವ ವಜೂವನ್ನು ಅಷ್ಟು ಹೊತ್ತು ಮಾಡುವ ಹೆಂಗಸನ್ನು ನಾನು ಮೆಕ್ಕಾದಲ್ಲೂ ಕಂಡಿರಲಿಲ್ಲ. ಎಂಥ ಭಕ್ತಿ ಎಂದು ತಲೆದೂಗಿದೆ.

ಅತ್ತ ಬಹ್ರೋಮ್ ಮಸೀದಿಯ ವಾಟ್ಸಾಪ್ ಗುಂಪಿನಲ್ಲಿ ದಿನಕ್ಕೊಂದು ಸಲ ಕೇಳುತ್ತಿದ್ದ: "ಲಾಜಿಮ್, ಗಾಳಿ ಹೇಗಿದೆ?" ಅವನ ಬೆನ್ನಿಗೆ ಹದಿನಾರು ಮಂದಿಯ ನಗು.

ಕೊನೆಯ ದಿನ ಮಧ್ಯಾಹ್ನ. ಇಂದು ಆಗದಿದ್ದರೆ ಇನ್ನಿಲ್ಲ. ಸಣ್ಣ ಗಲ್ಲಿಯೊಂದರಲ್ಲಿ ನಡೆಯುತ್ತಿದ್ದಾಗ ಒಂದು ನೂಡಲ್ಸ್ ಅಂಗಡಿಯ ಬೋರ್ಡಿನ ಮೇಲೆ ಆಳೆತ್ತರದ ಮೀನು ಕಂಡಿತು.

"ಮೀನು" ಎಂದು ಕೂಗಿದೆ. "ಮೀನಿನ ಸಾರು ಕಣೇ. ಮೀನಿಗೆ ಯಾರು ಕೊಯ್ದರು, ಹೇಗೆ ಕೊಯ್ದರು ಅನ್ನೋ ತಾಪತ್ರಯ ಇಲ್ಲ."

"ಕೇಳಿ ನೋಡಿ ಮೊದಲು ಬಾಂಗ್."

ಕೇಳುವುದೇನು? ಬಾಗಿಲ ಪಕ್ಕದ ಯಂತ್ರಕ್ಕೆ ನೋಟು ತಿನ್ನಿಸಿ, ಮೀನಿನ ಚಿತ್ರ ಒತ್ತಿ, ಎರಡು ಚೀಟಿ ಕಿತ್ತುಕೊಂಡು ಒಳಗೆ ಹೋಗಿ ಕೂತೆ. ಅಡುಗೆಕಟ್ಟೆಯ ಹಿಂದೆ ಅರವತ್ತರ ಆಸುಪಾಸಿನ ಗಂಡ ಹೆಂಡತಿ. ಗಂಡನ ಹೆಸರು ತೊಕುನಾಗಾ ಎಂದು ಆಮೇಲೆ ತಿಳಿಯಿತು. ಅವನು ಚೀಟಿ ತೆಗೆದುಕೊಂಡ, ಕಲ್ಸೋಮ್‌ಳ ತಲೆವಸ್ತ್ರ ನೋಡಿದ, ಕೈ ತಡೆದ. ಆಮೇಲೆ ಎರಡೂ ತೋಳುಗಳನ್ನು ಎದೆಯ ಮುಂದೆ ಕತ್ತರಿಯ ಹಾಗೆ ಅಡ್ಡ ಹಿಡಿದು ನಿಂತ.

ನನ್ನ ತಲೆ ಸಿಡಿಯಿತು. "ನೋಡಿದ್ಯಾ? ನಮ್ಮನ್ನ ಹೊರಗೆ ಹೋಗು ಅಂತಿದಾನೆ. ತಲೆವಸ್ತ್ರ ಕಂಡ ಕೂಡ್ಲೇ. ನಾನು ಇವತ್ತು ಇಲ್ಲಿಂದ ಏಳಲ್ಲ. ಪೊಲೀಸರು ಬರಲಿ, ಸೈನ್ಯ ಬರಲಿ."

ಫೋನಿನ ಹೆಂಗಸನ್ನು ಮುಂದೆ ಹಿಡಿದೆ. ತೊಕುನಾಗಾ ಅದಕ್ಕೆ ಬಾಗಿ ಬಾಗಿ ಏನೋ ಹೇಳಿದ. ಅವಳು ಓದಿದಳು: "ನಿಮ್ಮ ಧರ್ಮದವರು ಮದ್ಯ ಸೇವಿಸುವುದಿಲ್ಲ. ನನ್ನ ಸಾರಿನಲ್ಲಿ ಸ್ವಲ್ಪ ಇದೆ. ದಯವಿಟ್ಟು ತಿನ್ನಬೇಡಿ. ಹಣ ಹಿಂದೆ ಕೊಡುತ್ತೇನೆ."

ಸಿಟ್ಟು ಒಮ್ಮೆ ಹೊರಟ ಮೇಲೆ ನಿಲ್ಲಿಸಲು ಅದಕ್ಕೆ ಬ್ರೇಕ್ ಇಲ್ಲ. ಗುರಿ ಬದಲಾಯಿಸಬಹುದು ಅಷ್ಟೇ. "ನನಗೆ ಹಣ ಬೇಡ. ಊಟ ಬೇಕು. ಮದ್ಯ ಇಲ್ಲದ್ದು ಏನಿದೆಯೋ ಅದನ್ನೇ ಕೊಡು" ಎಂದೆ.

ಆ ಮನುಷ್ಯ ಅದನ್ನು ದೇವರ ಅಪ್ಪಣೆಯ ಹಾಗೆ ತೆಗೆದುಕೊಂಡುಬಿಟ್ಟ. ಒಳಗಿನಿಂದ ಒಂದೊಂದೇ ಬಾಟಲಿ, ಪೊಟ್ಟಣ, ಡಬ್ಬ ತಂದು ಕಟ್ಟೆಯ ಮೇಲೆ ಸಾಲಾಗಿ ಇಟ್ಟ. ಅವನ ಹೆಂಡತಿ ಕನ್ನಡಕ ಏರಿಸಿ ಓದತೊಡಗಿದಳು. ಸೋಯಾ ಸಾಸ್? ಓದಿದಳು, ತೋಳು ಅಡ್ಡ ಹಿಡಿದಳು. ಸಿಹಿ ಅಡುಗೆ ರಸ? ಅದರ ಹುಟ್ಟೇ ಮದ್ಯದಿಂದ, ತೋಳು ಅಡ್ಡ. ನೂಡಲ್ಸ್? ಕೆಡದಿರಲೆಂದು ಕಾರ್ಖಾನೆಯವರೇ ಮದ್ಯಸಾರ ಚಿಮುಕಿಸಿದ್ದಾರಂತೆ, ತೋಳು ಅಡ್ಡ. ಪಕ್ಕದಲ್ಲಿ ಉಣ್ಣುತ್ತಿದ್ದ ಕಚೇರಿಯವನೊಬ್ಬ ತನ್ನ ಬಟ್ಟಲು ಬಿಟ್ಟು ಎದ್ದು ಬಂದು ಒಂದು ಡಬ್ಬ ಎತ್ತಿಕೊಂಡ. ಮುದುಕಿಯೊಬ್ಬಳು ಇನ್ನೊಂದನ್ನು ಎತ್ತಿಕೊಂಡಳು. ಬಾಗಿಲಲ್ಲಿ ಕಾಯುತ್ತಿದ್ದವರೂ ಒಳಗೆ ಬಂದರು. ಐದು ನಿಮಿಷದಲ್ಲಿ ಆ ಅಂಗಡಿಯಲ್ಲಿ ತಿನ್ನುವವರು ಯಾರೂ ಇಲ್ಲ, ಎಲ್ಲರೂ ಪರೀಕ್ಷೆಗೆ ಕೂತ ಮಕ್ಕಳ ಹಾಗೆ ಓದುತ್ತಿದ್ದಾರೆ. ಓದಿ ಮುಗಿಸಿದವರೆಲ್ಲ ನನ್ನ ಕಡೆ ತಿರುಗಿ, ಮುಖ ಸಣ್ಣದು ಮಾಡಿ, ತೋಳು ಅಡ್ಡ ಹಿಡಿಯುತ್ತಾರೆ. ತೊಕುನಾಗಾ ಸಾಸಿನ ಕಾರ್ಖಾನೆಗೇ ಫೋನು ಹಚ್ಚಿದ. ಫೋನಿನಲ್ಲೂ ಬಾಗಿ ಬಾಗಿ ಮಾತಾಡಿದ. ಇಟ್ಟು, ಅಳುಮೋರೆಯಲ್ಲಿ, ಮತ್ತೆ ತೋಳು ಅಡ್ಡ.

ಆಗ ನನ್ನ ಕಣ್ಣ ಮುಂದೆ ಫ್ಯಾನು ಸುತ್ತಿತು. ಅದರ ಕೆಳಗೆ ಬಹ್ರೋಮ್, ಅಂಗಿಯ ಗುಂಡಿ ಬಿಚ್ಚಿ ಎದೆಗೆ ಗಾಳಿ ಹಾಕಿಸಿಕೊಳ್ಳುತ್ತಿದ್ದ.

ದನಿ ತಗ್ಗಿಸಿ ಫೋನಿಗೆ ಹೇಳಿದೆ: "ಸ್ವಲ್ಪ ತಾನೆ? ಕುದಿಸಿದರೆ ಆವಿಯಾಗಿ ಹೋಗುತ್ತೆ. ಹಾಕಿಬಿಡು. ನಾನು ಏನೂ ಕೇಳಲಿಲ್ಲ, ನೀನು ಏನೂ ಹೇಳಲಿಲ್ಲ."

"ಹಾಜಿ" ಎಂದಳು ಕಲ್ಸೋಮ್. ಮೆಲ್ಲಗೇ ಅಂದದ್ದು. ನನ್ನ ಬೆನ್ನಹುರಿ ನೆಟ್ಟಗಾಯಿತು.

ಅಷ್ಟರಲ್ಲಿ ಫೋನಿನ ಹೆಂಗಸು ನನ್ನ ಗುಟ್ಟನ್ನು ಇಡೀ ಅಂಗಡಿಗೆ ಕೇಳುವ ಹಾಗೆ ಜಪಾನಿ ಭಾಷೆಯಲ್ಲಿ ಸಾರಿಬಿಟ್ಟಿದ್ದಳು. ಎಲ್ಲರೂ ಓದುವುದನ್ನು ನಿಲ್ಲಿಸಿದರು. ತೊಕುನಾಗಾ ನನ್ನನ್ನೇ ನೋಡಿದ. ಈ ಸಲ ತೋಳು ಅಡ್ಡ ಹಿಡಿಯಲಿಲ್ಲ. ಎರಡೂ ಕೈ ಮಂಡಿಗೆ ಇಟ್ಟು, ಹಣೆ ಕಟ್ಟೆಗೆ ತಾಗುವಷ್ಟು ಬಾಗಿದ. "ನೀವು ತಿನ್ನುವುದಿಲ್ಲ ಎಂದು ನನಗೆ ಗೊತ್ತು. ಗೊತ್ತಿದ್ದು ಹೇಗೆ ಬಡಿಸಲಿ? ಖಂಡಿತವಾಗಿ ಕೊಡಬಹುದಾದದ್ದು ನನ್ನಲ್ಲಿ ಎರಡೇ ಇವೆ. ಬಿಸಿನೀರು. ಈರುಳ್ಳಿ ಸೊಪ್ಪು."

ಆಗ ನನ್ನ ಪಕ್ಕದಿಂದ ಒಂದು ಜಿಪ್ಪು ಎಳೆದ ಸದ್ದು.

ಕಲ್ಸೋಮ್ ಕೈಚೀಲದಿಂದ ಎರಡು ನೂಡಲ್ಸ್ ಪೊಟ್ಟಣ ತೆಗೆದಿಟ್ಟಳು. ಪಕ್ಕದಲ್ಲಿ ಅರ್ಧ ಖಾಲಿಯಾದ ಸಂಬಲ್ ಡಬ್ಬಿ. ಡಬ್ಬಿಯ ಮೇಲೆ ಮಜ್ನಾ, ಹೆಬ್ಬೆರಳು.

"ಇದು... ಇದು ನಿನ್ನ ಹತ್ತಿರ ಮೊದಲಿಂದ ಇತ್ತಾ?"

"ಮತ್ತೆ ನಾನು ಇಷ್ಟು ದಿನ ಬದುಕಿದ್ದು ಬಾಳೆಹಣ್ಣಿಂದ ಅಂದ್ಕೊಂಡ್ರಾ?"

"ಆ ವಜೂ?"

"ವಜೂನೂ ಮಾಡ್ದೆ. ಆಮೇಲೆ ಉಂಡೆ."

ಮೂರು ದಿನ ನಾನು ಭ್ರಮೆಯೆಂದು ಬಗೆದದ್ದು ಬರೀ ಗೋಡೆಯಾಚೆಯ ಊಟ. ಕೂಗಾಡಲು ಬಾಯಿ ತೆರೆದೆ, ಅದರಲ್ಲಿ ನೀರೂರಿ ಮಾತು ಹೊರಡಲಿಲ್ಲ.

ತೊಕುನಾಗಾ ಪೊಟ್ಟಣಗಳನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ತನ್ನ ಪಾತ್ರೆಗಳು ಬೇಡವೆಂದು ಹೆಂಡತಿಯನ್ನು ಎದುರಿನ ಅಂಗಡಿಗೆ ಓಡಿಸಿ ಹೊಸ ಪಾತ್ರೆ, ಹೊಸ ಬಟ್ಟಲು, ಹೊಸ ಚಾಕು, ಹೊಸ ಮಣೆ ತರಿಸಿದ. ನೀರು ಕಾಯಿಸಿದ. ನಾನು ಆ ಎರಡು ನಿಮಿಷದ ನೂಡಲ್ಸನ್ನು ನನ್ನ ಜೀವಮಾನದಲ್ಲಿ ನೂರು ಸಲ ತಿಂದಿರಬಹುದು, ಅದಕ್ಕೆ ಯಾರೂ ಅಷ್ಟು ಮರ್ಯಾದೆ ಕೊಟ್ಟದ್ದನ್ನು ನೋಡಿಲ್ಲ. ಉಸಿರು ಹಿಡಿದು ಸೊಪ್ಪು ಹೆಚ್ಚಿದ, ಹೆಚ್ಚಿದ್ದನ್ನು ಒಂದೊಂದೇ ಎಳೆಯಾಗಿ ಮೇಲೆ ಜೋಡಿಸಿದ, ಬಟ್ಟಲಿನ ಅಂಚು ಒರೆಸಿದ, ಎರಡೂ ಕೈಯಲ್ಲಿ ಕಲ್ಸೋಮ್‌ಳ ಮುಂದೆ ಇಟ್ಟು ಬಾಗಿದ.

ನನ್ನ ಹೆಂಡತಿ ಮೂವತ್ತು ವರ್ಷ ಶಾಲೆಯೊಂದರ ಕ್ಯಾಂಟೀನು ನಡೆಸಿದವಳು. ಸಾವಿರ ಮಕ್ಕಳಿಗೆ ಬಡಿಸಿದ ಕೈ ಅದು. ಅವಳು ಬಟ್ಟಲನ್ನು ಮುಟ್ಟದೆ ಸುಮ್ಮನೆ ನೋಡುತ್ತ ಕೂತಳು.

"ಏನಾಯ್ತೇ? ಚೆನ್ನಾಗಿಲ್ವಾ?"

"ಚೆನ್ನಾಗಿದೆ ಬಾಂಗ್. ಮದುವೆಯಾದ ಮೇಲೆ ನನಗೆ ಅಂತ ಒಬ್ಬರು ನೀರು ಕಾಯಿಸಿದ್ದು ಇದೇ ಮೊದಲು. ನೋಡ್ಕೊಳ್ತಿದೀನಿ."

ಇಂಥ ಮಾತು ಬಂದಾಗ ವಿಷಯ ಬದಲಾಯಿಸಬೇಕು. "ಫೋಟೋ ತೆಗೀಬೇಕು" ಎಂದೆ.

ನನ್ನ ತಲೆ ಆಗಲೇ ಚುರುಕಾಗಿತ್ತು. ಅಂಗಡಿ ಜಪಾನಿನದು. ಕೈ ಜಪಾನಿನದು. ಬಟ್ಟಲು, ಸೊಪ್ಪು ಜಪಾನಿನವು. ಮುಖ್ಯವಾಗಿ ನೀರು ಜಪಾನಿನದು. ನೀರು ಜಪಾನಿನದಾದ ಮೇಲೆ ಊಟ ಜಪಾನಿನದಲ್ಲದೆ ಇನ್ನೇನು? ಗುಲ್ಜಾರ್ ಎಂಥ ಜ್ಞಾನಿ ಎಂದು ಆಗ ಅರಿವಾಯಿತು. ಹರಿದ ಪೊಟ್ಟಣಗಳನ್ನೂ ಸಂಬಲ್ ಡಬ್ಬಿಯನ್ನೂ ಕಟ್ಟೆಯ ಹಿಂದಕ್ಕೆ ಸರಿಸಿ, ಬಟ್ಟಲನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದೆ. ತೊಕುನಾಗಾ ದಂಪತಿಗಳು ನನ್ನ ಹಿಂದೆ ನಿಂತರು. ಮುದುಕಿ ಫೋಟೋ ತೆಗೆದಳು. ನನ್ನ ಕನ್ನಡಕವೆಲ್ಲ ಹಬೆ ಕಟ್ಟಿ ಮಂಜು. ನೋಡುವ ಗೋಜಿಗೆ ಹೋಗದೆ ಗುಂಪಿಗೆ ಕಳಿಸಿ, ಕೆಳಗೆ ಬರೆದೆ: "ಜಪಾನಿನ ಅಂಗಡಿ. ಜಪಾನಿನ ಕೈ. ಹಲಾಲ್. ಭಾವ, ಗಾಳಿ ಅಲ್ಲ, ಊಟ."

ಆಮೇಲೆ ಉಂಡೆ. ಸಂಬಲ್ ಹಾಕಿಕೊಂಡು ಉಂಡೆ. ತೊಕುನಾಗಾಗೂ ಒಂದು ಚಮಚ ಕೊಟ್ಟೆವು. ತಿಂದು ಕಣ್ಣು ಮೂಗು ಒರೆಸಿಕೊಳ್ಳುತ್ತ ಇನ್ನೊಂದು ಚಮಚಕ್ಕೆ ಬಟ್ಟಲು ಚಾಚಿದ.

ಗುಂಪಿನಿಂದ ಉತ್ತರವಿಲ್ಲ. ಸೋತು ಮುಖ ಮುಚ್ಚಿಕೊಂಡಿದ್ದಾರೆ ಎಂದುಕೊಂಡೆ. ಹೊಟ್ಟೆ ತುಂಬಿ, ಕನ್ನಡಕ ಒರೆಸುತ್ತಿದ್ದಾಗ ಫೋನು ಟಿಂಗ್ ಎಂದಿತು. ಬಹ್ರೋಮ್. ಒಂದೇ ಸಾಲು.

"ಮಜ್ನಾ ಫೋಟೋದಲ್ಲಿ ಬಹಳ ಚೆನ್ನಾಗಿ ಬಂದಿದಾಳೆ."

ಫೋಟೋ ಬಿಡಿಸಿ ದೊಡ್ಡದು ಮಾಡಿದೆ. ಮುಂದೆ ನಾನು, ಬಟ್ಟಲು, ಹಲ್ಲು. ನನ್ನ ಭುಜದ ಹಿಂದೆ ತೊಕುನಾಗಾ, ಸಂಬಲ್ ಡಬ್ಬಿಯನ್ನು ಎರಡೂ ಕೈಯಲ್ಲಿ ಪದಕದ ಹಾಗೆ ಎದೆಗೆ ಹಿಡಿದು, ಮಜ್ನಾಳ ಮುಖ ಸರಿಯಾಗಿ ಕ್ಯಾಮೆರಾಗೆ ತಿರುಗಿಸಿ ನಿಂತಿದ್ದಾನೆ. ಪಕ್ಕದಲ್ಲಿ ಅವನ ಹೆಂಡತಿ, ಹರಿದ ಎರಡು ಪೊಟ್ಟಣಗಳನ್ನೂ ಸುಕ್ಕು ಬಿಡಿಸಿ ಎತ್ತಿ ಹಿಡಿದಿದ್ದಾಳೆ.

"ಇದೇನು ಮಾಡಿದೆಯಪ್ಪಾ?" ಎಂದು ಫೋನನ್ನು ಅವನ ಮುಂದೆ ಚಾಚಿದೆ.

ಅವನು ಗಾಬರಿಯಾಗಿ ಮತ್ತೆ ಬಾಗಿದ. "ಕ್ಷಮಿಸಿ. ಅಡುಗೆ ನನ್ನದಲ್ಲ. ನಾನು ಬರೀ ನೀರು ಹಾಕಿದವನು. ಮಾಡಿದವರ ಮುಖ ಡಬ್ಬಿಯ ಮೇಲೇ ಇದೆ. ಅವರನ್ನು ಮರೆಮಾಡಿ ನಾನು ಹೇಗೆ ನಿಲ್ಲಲಿ?"

ಕಲ್ಸೋಮ್ ನಕ್ಕ ನಗುವಿಗೆ ಕಟ್ಟೆಯ ಮೇಲಿನ ಬಾಟಲಿಗಳು ಅಲುಗಾಡಿದವು.

ಊರಿಗೆ ಬಂದ ಮಾರನೆಯ ದಿನವೇ ಶುಕ್ರವಾರ. ಮಸೀದಿಗೆ ಹೋದರೆ ಫ್ಯಾನಿನ ಕೆಳಗೆ ಬಹ್ರೋಮ್, ಅಂಗಿಯ ಗುಂಡಿ ಬಿಚ್ಚಿ ಕೂತಿದ್ದಾನೆ. ನನಗೆ ಕಂಬದ ಪಕ್ಕದ ಜಾಗ. ತಲೆಯ ಮೇಲೆ ಜಪಮಣಿ ಫ್ಯಾನು. ನನ್ನ ಅಂಗಿ ಒದ್ದೆ, ಟೋಪಿ ಒದ್ದೆ, ಮೂಗಿನ ತುದಿಯಿಂದ ಬೆವರಿನ ಹನಿ ಲೆಕ್ಕ ಹಾಕಿಕೊಂಡು ಬೀಳುತ್ತಿತ್ತು. ತಡೆಯಲಾರದೆ ಅವನ ಹತ್ತಿರ ಜರುಗಿ ಕಿವಿಯಲ್ಲಿ ಹೇಳಿದೆ.

"ಭಾವ, ಯೋಚನೆ ಮಾಡಿ. ಪಣದಲ್ಲಿ ಗೆದ್ದದ್ದು ಹರಾಮ್. ನಾಳೆ ದೇವರ ಮುಂದೆ ನಿಲ್ಲಬೇಕು. ಎದ್ದುಬಿಡಿ."

"ಪಣ ಎಲ್ಲಿತ್ತಪ್ಪ?" ಎಂದ ಬಹ್ರೋಮ್. "ಬರೀ ಮಾತು ಅಂತ ಇಮಾಮರ ಮುಂದೆ ಹೇಳಿದವನು ನೀನೇ ಅಲ್ವಾ?" ಕಣ್ಣು ಮುಚ್ಚಿ, ಮುಖ ಮೇಲಕ್ಕೆತ್ತಿ, ಉದ್ದಕ್ಕೆ ಉಸಿರೆಳೆದುಕೊಂಡ. "ನೀನಾಗೇ ಕೊಟ್ಟದ್ದು. ಈ ಗಾಳಿ ಪೂರಾ ಹಲಾಲ್ ಕಣೋ ಲಾಜಿಮ್."